ಹಿಕಾರಿ ಇಚ್-ಎಕ್ಸ್: ಬಿಳಿಚುಕ್ಕೆ ರೋಗಕ್ಕೆ ನಂಬಬಹುದಾದ ಮದ್ದು, ಅರ್ಧಕ್ಕೆ ನಿಲ್ಲಿಸದಿದ್ದರೆ

ಅಕ್ವೇರಿಯಂ ಮೀನಿನ ಮೈಮೇಲೆ, ರೆಕ್ಕೆಗಳ ಮೇಲೆ ಉಪ್ಪಿನ ಪುಡಿ ಉದುರಿಸಿದಂತೆ ಬಿಳಿ ಚುಕ್ಕೆಗಳು ಎದ್ದಾಗ ಹೆಚ್ಚಿನವರು ಕೈಗೆತ್ತಿಕೊಳ್ಳುವ ಬಾಟಲಿಗಳಲ್ಲಿ ಹಿಕಾರಿ ಕಂಪನಿಯ ಇಚ್-ಎಕ್ಸ್ ಒಂದು. ಫಾರ್ಮಾಲ್ಡಿಹೈಡ್ ಮತ್ತು ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣದ ರಾಸಾಯನಿಕ ಸೇರಿಸಿ ಮಾಡಿದ ದ್ರಾವಣ ಇದು. ಈ ಜೋಡಿ ಮೀನು ಸಾಕುವವರಿಗೆ ಹೊಸದಲ್ಲ. ಮೀನು ಸಾಕಣೆ ಕೇಂದ್ರಗಳಲ್ಲಿ ದಶಕಗಳಿಂದ ಬಳಸಿದ ಸೂತ್ರವನ್ನೇ ಮನೆಯ ಟ್ಯಾಂಕಿಗೆ ಹೊಂದುವಷ್ಟು ತೆಳುವಾಗಿಸಿ ಬಾಟಲಿಗೆ ತುಂಬಿದ್ದಾರೆ. ನಮ್ಮ ಅಂಕ 5ಕ್ಕೆ 4. ಕಳೆದ ಒಂದು ಅಂಕ ಮದ್ದಿನ ಶಕ್ತಿಗೆ ಸಂಬಂಧಿಸಿದ್ದಲ್ಲ. ದಿನವೂ ನೀರು ಬದಲಿಸುವ ಶ್ರಮ, ಮುಟ್ಟಿದ್ದಕ್ಕೆಲ್ಲ ಅಂಟುವ ಬಣ್ಣ, ಎಚ್ಚರದಿಂದ ಮುಟ್ಟಬೇಕಾದ ರಾಸಾಯನಿಕ, ಇವಕ್ಕೆ.

ಈ ಮದ್ದಿನ ಬಗ್ಗೆ ಬರುವ ಕೆಟ್ಟ ವಿಮರ್ಶೆಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕಾಣುತ್ತದೆ: "ಎರಡು ದಿನ ಹಾಕಿದೆ, ಚುಕ್ಕೆ ಇನ್ನೂ ಜಾಸ್ತಿಯಾಯಿತು." ಇನ್ನೊಂದು ದೂರು ಹತ್ತು ಹನ್ನೆರಡು ದಿನ ಕಳೆದ ಮೇಲಿನದು: "ವಾಸಿಯಾಗಿತ್ತು, ಮತ್ತೆ ಬಂತು." ಎರಡೂ ನಿಜವಾಗಿ ನಡೆಯುವಂಥವೇ. ಆದರೆ ಎರಡಕ್ಕೂ ಕಾರಣ ಪರೋಪಜೀವಿಯ ಜೀವನಚಕ್ರದಲ್ಲಿದೆ, ಬಾಟಲಿಯಲ್ಲಿಲ್ಲ. ಆ ಚಕ್ರ ಅರ್ಥವಾಗದೆ ಈ ಮದ್ದನ್ನಾಗಲಿ, ಇದರ ಸಾಲಿನಲ್ಲಿರುವ ಬೇರೆ ಯಾವುದನ್ನಾಗಲಿ ಅಳೆಯಲು ಬರುವುದಿಲ್ಲ.

ರೋಗ ತರುವುದು ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂಬ ಏಕಕೋಶ ಜೀವಿ. ಕಣ್ಣಿಗೆ ಕಾಣುವ ಚುಕ್ಕೆ ಮೀನಿನ ಚರ್ಮದ ಹೊರಪದರದ ಅಡಿಯಲ್ಲಿ ಕೂತು, ಅಲ್ಲಿನ ಕೋಶಗಳನ್ನು ತಿಂದು ಬೆಳೆಯುತ್ತಿರುವ ಹಂತ. ಪೂರ್ತಿ ಬೆಳೆದಾಗ ಅದು ಅರ್ಧದಿಂದ ಒಂದು ಮಿಲಿಮೀಟರ್ ಆಗುತ್ತದೆ. ಮೇಲೆ ಚರ್ಮದ ಮುಚ್ಚಳ ಇರುವುದರಿಂದ ನೀರಿಗೆ ಹಾಕಿದ ಮದ್ದು ಅದನ್ನು ಮುಟ್ಟುವುದೇ ಇಲ್ಲ. ಬೆಳೆದದ್ದು ಮೀನಿನಿಂದ ಕಳಚಿ ತಳಕ್ಕೆ ಬೀಳುತ್ತದೆ. ಜಲ್ಲಿಗೋ ಗಿಡದ ಎಲೆಗೋ ಅಂಟಿ, ಸುತ್ತ ಲೋಳೆಯ ಗೂಡು ಕಟ್ಟಿಕೊಂಡು ಒಳಗೇ ಒಡೆಯುತ್ತಾ ನೂರಾರು ಮರಿಗಳಾಗುತ್ತದೆ. ಗೂಡು ಗಟ್ಟಿಯಾದ ಮೇಲೆ ಅದಕ್ಕೂ ಮದ್ದು ನಾಟುವುದಿಲ್ಲ. ಗೂಡು ಒಡೆದು ಮರಿಗಳು ಹೊರಬಂದು, ಒಂದೆರಡು ದಿನದೊಳಗೆ ಹೊಸ ಮೀನನ್ನು ಹುಡುಕಿಕೊಳ್ಳಬೇಕು. ಸಿಗದಿದ್ದರೆ ಸಾಯುತ್ತವೆ. ಇಚ್-ಎಕ್ಸ್ ಕೊಲ್ಲುವುದು ಮುಖ್ಯವಾಗಿ ಹೀಗೆ ನೀರಿನಲ್ಲಿ ಈಜುತ್ತಿರುವ ಮರಿಗಳನ್ನು.

ಹಾಗಾಗಿ ಮೊದಲ ಡೋಸ್ ಹಾಕಿದ ದಿನ ಮೀನಿನ ಚರ್ಮದಡಿ ಇನ್ನೂ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿದ್ದವು ಎರಡನೆಯ, ಮೂರನೆಯ ದಿನಕ್ಕೆ ದೊಡ್ಡದಾಗಿ ಕಾಣಿಸಿಕೊಳ್ಳುತ್ತವೆ. ಚುಕ್ಕೆ ಹೆಚ್ಚಾಯಿತು ಅನ್ನಿಸುತ್ತದೆ. ಮದ್ದು ಸೋತಿಲ್ಲ, ಅದಕ್ಕೆ ಸಿಗಬೇಕಾದ ಹಂತ ಇನ್ನೂ ಬಂದಿಲ್ಲ ಅಷ್ಟೆ. ಐದಾರು ದಿನಕ್ಕೆ ಮೈ ಪೂರ್ತಿ ಶುಭ್ರವಾದಾಗ ಗುಣವಾಯಿತು ಎಂದು ಬಾಟಲಿ ಮುಚ್ಚಿಟ್ಟರೆ, ತಳದ ಗೂಡುಗಳು ಆಗ ಒಡೆಯುತ್ತವೆ. ಹೊರಬರುವ ಮರಿಗಳಿಗೆ ಮದ್ದಿಲ್ಲದ ನೀರು ಸಿಗುತ್ತದೆ. ಎರಡನೆಯ ಸುತ್ತು ಮೊದಲಿನದಕ್ಕಿಂತ ಭಾರಿಯಾಗಿರುತ್ತದೆ, ಏಕೆಂದರೆ ಒಂದು ಚುಕ್ಕೆಯಿಂದ ಬಂದದ್ದು ನೂರಾರು ಮರಿ.

ಚಕ್ರದ ವೇಗ ನೀರಿನ ಉಷ್ಣತೆಯನ್ನು ಅವಲಂಬಿಸಿದೆ. 25 ಡಿಗ್ರಿ ಆಸುಪಾಸಿನಲ್ಲಿ ಒಂದು ಸುತ್ತು ಸಾಮಾನ್ಯವಾಗಿ ಒಂದು ವಾರದೊಳಗೆ ಮುಗಿಯುತ್ತದೆ. 10 ಡಿಗ್ರಿಯ ತಣ್ಣೀರಿನಲ್ಲಿ ಅದಕ್ಕೇ ಒಂದು ತಿಂಗಳಿಗೂ ಹೆಚ್ಚು ಬೇಕು. ಹೀಟರ್ ಇಲ್ಲದ ಗೋಲ್ಡ್‌ಫಿಶ್ ಟ್ಯಾಂಕಿನಲ್ಲಿ "ಒಂದು ವಾರ ಹಾಕಿದೆ, ಕೆಲಸ ಮಾಡಲಿಲ್ಲ" ಅನ್ನುವವರು ಗಮನಿಸಬೇಕಾದ್ದು ಇದನ್ನೇ.

ಬಾಟಲಿ ತೆರೆಯುವ ಮುಂಚೆ ಇದು ಬಿಳಿಚುಕ್ಕೆ ಹೌದೇ ಎಂದು ನೋಡಿಕೊಳ್ಳಿ. ಈ ರೋಗದ ಚುಕ್ಕೆಗಳು ಗುಂಡಗೆ, ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ, ಒಂದೊಂದೂ ಬಿಡಿಯಾಗಿ ಇರುತ್ತವೆ. ಮೀನು ಜಲ್ಲಿಗೆ, ಕಲ್ಲಿಗೆ ಮೈ ಉಜ್ಜುತ್ತದೆ, ರೆಕ್ಕೆ ಮಡಚಿಕೊಂಡಿರುತ್ತದೆ. ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಟ್ಟಾಗ ಚುಕ್ಕೆಗಿಂತ ಸಣ್ಣದಾದ, ಹೊಂಬಣ್ಣದ ಧೂಳಿನಂಥದ್ದು ಕಂಡರೆ ಅದು ವೆಲ್ವೆಟ್ ರೋಗ. ಹೊರಗೆ ಚಾಚಿಕೊಂಡ ಬೂದು-ಬಿಳಿ ಕುಚ್ಚುಗಳು, ಗಾತ್ರದಲ್ಲಿ ಏರುಪೇರು, ಕಣ್ಣಿನ ಮೇಲೂ ಕೂತಿದ್ದರೆ ಎಪಿಸ್ಟೈಲಿಸ್ ಎಂಬ ಬೇರೊಂದು ಏಕಕೋಶ ಜೀವಿ ಇರಬಹುದು. ಅದರ ಜೊತೆ ಬ್ಯಾಕ್ಟೀರಿಯಾ ಸೋಂಕೂ ಇರುತ್ತದೆ, ಬಿಸಿ ಹೆಚ್ಚಿಸಿದರೆ ಕೆಡುತ್ತದೆ. ಗಂಡು ಗೋಲ್ಡ್‌ಫಿಶ್‌ನ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆರೆಕ್ಕೆಯ ಮುಂಭಾಗದ ಕಡ್ಡಿಯ ಉದ್ದಕ್ಕೆ ಮಾತ್ರ ಸಾಲಾಗಿ ಬಿಳಿ ಗುಳ್ಳೆ ಇದ್ದರೆ ಅದು ರೋಗವೇ ಅಲ್ಲ. ಸಂತಾನದ ಕಾಲದಲ್ಲಿ ಏಳುವ ಗುಳ್ಳೆ ಅವು, ಅವಕ್ಕೆ ಮದ್ದು ಹಾಕುವುದು ಮೀನಿಗೆ ಸುಮ್ಮನೆ ಹಿಂಸೆ. ಇದಕ್ಕೆ ವಿರುದ್ಧವಾದದ್ದೂ ಉಂಟು. ರೋಗ ಕೆಲವೊಮ್ಮೆ ಕಿವಿರಿನಲ್ಲಷ್ಟೇ ನೆಲೆಸಿರುತ್ತದೆ, ಮೈಮೇಲೆ ಒಂದು ಚುಕ್ಕೆಯೂ ಕಾಣುವುದಿಲ್ಲ, ಮೀನು ಮೇಲ್ಮೈಗೆ ಬಂದು ಬೇಗಬೇಗ ಉಸಿರಾಡುತ್ತದೆ. ಇಂಥ ಮೀನೇ ಮೊದಲು ಸಾಯುವುದು.

ಇನ್ನು ಬಾಟಲಿಯ ವಿಷಯ. ಲೇಬಲ್ ಪ್ರಕಾರ ಒಳಗಿರುವುದು ಶೇಕಡಾ 5ಕ್ಕಿಂತ ಕಡಿಮೆ ಫಾರ್ಮಾಲ್ಡಿಹೈಡ್, ಶೇಕಡಾ 0.1ಕ್ಕಿಂತ ಕಡಿಮೆ ಮ್ಯಾಲಕೈಟ್ ಗ್ರೀನ್ ಕ್ಲೋರೈಡ್, ಜೊತೆಗೆ ಮೆಥನಾಲ್ ಮತ್ತು ನೀರು. ಡೋಸ್ 38 ಲೀಟರ್ ನೀರಿಗೆ 5 ಮಿಲಿಲೀಟರ್, 24 ಗಂಟೆಗೊಮ್ಮೆ. ಈ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿದರೆ ಟ್ಯಾಂಕಿನ ನೀರಿನಲ್ಲಿ ಮ್ಯಾಲಕೈಟ್ ಗ್ರೀನ್ ಲೀಟರಿಗೆ 0.13 ಮಿಲಿಗ್ರಾಂ ದಾಟುವುದಿಲ್ಲ. ಮೀನು ವೈದ್ಯರು ದೀರ್ಘಕಾಲದ ಸ್ನಾನಕ್ಕೆ ಹೇಳುವ ಲೀಟರಿಗೆ 0.1 ಮಿಲಿಗ್ರಾಂ ಮಟ್ಟಕ್ಕೆ ಇದು ಹತ್ತಿರವೇ ಇದೆ. ಡೋಸ್ ತೂಗಿ ನೋಡಿಯೇ ಇಟ್ಟದ್ದು ಅನ್ನುವುದಕ್ಕೆ ಇಷ್ಟು ಸಾಕು. ದುಪ್ಪಟ್ಟು ಹಾಕಿದರೆ ಬೇಗ ವಾಸಿಯಾಗುತ್ತದೆ ಎಂಬ ಯೋಚನೆಗೆ ಇಲ್ಲಿ ಜಾಗವಿಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಡೋಸ್ ತಪ್ಪುವುದು ಹೆಚ್ಚಾಗಿ ನೀರಿನ ಅಳತೆಯಲ್ಲಿ. 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರದ ಟ್ಯಾಂಕ್ ಗಾಜಿನ ಲೆಕ್ಕದಲ್ಲಿ ಸುಮಾರು 65 ಲೀಟರ್. ಜಲ್ಲಿ, ಕಲ್ಲು, ಮರದ ತುಂಡು, ಮೇಲೆ ಬಿಟ್ಟ ಖಾಲಿ ಜಾಗ ಕಳೆದರೆ ಉಳಿಯುವ ನೀರು 55 ಲೀಟರ್ ಆಸುಪಾಸು. ಮೊದಲ ಲೆಕ್ಕಕ್ಕೆ 8.5 ಮಿಲಿಲೀಟರ್ ಬೇಕು, ಎರಡನೆಯದಕ್ಕೆ 7.2. ಗಟ್ಟಿ ಜಾತಿಯ ಮೀನುಗಳಿಗೆ ಈ ವ್ಯತ್ಯಾಸ ದೊಡ್ಡದಲ್ಲ, ನಾಜೂಕಿನವುಗಳಿಗೆ ದೊಡ್ಡದೇ. ಮುಚ್ಚಳದಲ್ಲಿ ಅಳೆಯಬೇಡಿ. ಸೂಜಿ ಇಲ್ಲದ 10 ಮಿಲಿಲೀಟರ್ ಸಿರಿಂಜ್ ಇದ್ದರೆ ಅಳತೆ ತಪ್ಪುವುದಿಲ್ಲ. ಅದನ್ನು ಈ ಕೆಲಸಕ್ಕೇ ಮೀಸಲಿಡಿ.

ಕ್ರಮ ಹೀಗೆ. ಫಿಲ್ಟರಿನಲ್ಲಿ ಆ್ಯಕ್ಟಿವೇಟೆಡ್ ಕಾರ್ಬನ್ ಇದ್ದರೆ ತೆಗೆದುಬಿಡಿ, ಅದು ಮ್ಯಾಲಕೈಟ್ ಗ್ರೀನನ್ನು ಗಂಟೆಗಳಲ್ಲಿ ಹೀರಿಕೊಳ್ಳುತ್ತದೆ. ಸ್ಪಂಜು ಮತ್ತು ಬಯೋ ಮೀಡಿಯಾ (ಒಳ್ಳೆಯ ಬ್ಯಾಕ್ಟೀರಿಯಾ ನೆಲೆಸುವ ತುಂಡುಗಳು) ಹಾಗೇ ಇರಲಿ. ನೀರು ಶುದ್ಧ ಮಾಡುವ ಯುವಿ (ಅತಿನೇರಳೆ) ದೀಪ ಇದ್ದರೆ ಆರಿಸಿ, ಬೆಳಕು ಈ ಬಣ್ಣವನ್ನು ಒಡೆಯುತ್ತದೆ. ಏರ್ ಪಂಪಿಗೆ ಏರ್ ಸ್ಟೋನ್ ಜೋಡಿಸಿ ಮದ್ದು ಹಾಕುವ ಮೊದಲೇ ಚಾಲೂ ಮಾಡಿ. ಸೈಫನ್ನಿನಿಂದ ಜಲ್ಲಿಯ ತಳ ಎಳೆಯುತ್ತಾ ಮೂರನೇ ಒಂದು ಭಾಗ ನೀರು ಹೊರಹಾಕಿ. ಕೊಳೆಯೊಂದಿಗೆ ಗೂಡುಗಳೂ ಒಂದಷ್ಟು ಹೊರಹೋಗುತ್ತವೆ. ಹೊಸ ನೀರಿನ ಕ್ಲೋರಿನ್ ಬಕೆಟ್ಟಿನಲ್ಲೇ ತೆಗೆದು, ಟ್ಯಾಂಕಿನ ಉಷ್ಣತೆಗೆ ತಂದು ತುಂಬಿ. ಬಾಟಲಿ ಅಲುಗಿಸಿ, ಅಳೆದ ಮದ್ದನ್ನು ಒಂದು ಮಗ್ ಟ್ಯಾಂಕ್ ನೀರಿನಲ್ಲಿ ಬೆರೆಸಿ, ಫಿಲ್ಟರಿನ ನೀರು ಹೊರಬರುವ ಕಡೆ ನಿಧಾನವಾಗಿ ಸುರಿಯಿರಿ. ನೇರವಾಗಿ ಒಂದೇ ಮೂಲೆಗೆ ಹಾಕಿದರೆ ಕದಡುವ ಮೊದಲೇ ಅಲ್ಲಿನ ಮೀನಿನ ಕಿವಿರಿಗೆ ಗಾಢ ಮದ್ದು ತಾಗುತ್ತದೆ.

ಮರುದಿನವೂ ಮೂರನೇ ಒಂದು ಭಾಗ ನೀರು ಬದಲಿಸಿ, ಪೂರ್ತಿ ಡೋಸ್ ಹಾಕಿ. ನೀರು ಬದಲಿಸುವುದನ್ನು ಬಿಟ್ಟು ಮದ್ದು ಮಾತ್ರ ಹಾಕುತ್ತಾ ಹೋಗುವುದು ಈ ಮದ್ದಿನಲ್ಲಿ ಮೀನು ಕಳೆದುಕೊಳ್ಳುವ ದೊಡ್ಡ ದಾರಿ. ಹಿಂದಿನ ಡೋಸ್ ಪೂರ್ತಿ ಒಡೆದುಹೋಗಿರುವುದಿಲ್ಲ, ಉಳಿದದ್ದರ ಮೇಲೆ ಹೊಸದು ಸೇರುತ್ತಾ ಮಟ್ಟ ಏರುತ್ತದೆ. ಬಣ್ಣ ನೋಡಿ ಡೋಸ್ ನಿರ್ಧರಿಸುವುದೂ ಅಷ್ಟೇ ಅಪಾಯ. ಸ್ವಲ್ಪ ಕ್ಷಾರವಾದ ನೀರಿನಲ್ಲಿ ಮ್ಯಾಲಕೈಟ್ ಗ್ರೀನ್ ಬಣ್ಣವಿಲ್ಲದ ರೂಪಕ್ಕೆ ತಿರುಗುತ್ತದೆ. ನೀರು ತಿಳಿಯಾಯಿತು ಎಂದ ಮಾತ್ರಕ್ಕೆ ಮದ್ದು ಖಾಲಿಯಾಗಿದೆ ಎಂದಲ್ಲ. ಒಂದು ದಿನದ ಡೋಸ್ ಬಿಟ್ಟುಹೋದರೆ ಮರುದಿನ ಒಂದೇ ಡೋಸ್ ಹಾಕಿ, ಎರಡನ್ನು ಒಟ್ಟು ಮಾಡಬೇಡಿ.

ಎಷ್ಟು ದಿನ? 27 ಡಿಗ್ರಿ ಇರುವ ಟ್ಯಾಂಕಿನಲ್ಲಿ ಕೊನೆಯ ಚುಕ್ಕೆ ಮಾಯವಾದ ಮೇಲೂ ಕನಿಷ್ಠ ಮೂರು ದಿನ. 24 ಅಥವಾ ಕೆಳಗಿದ್ದರೆ ಪೂರ್ತಿ ಒಂದು ವಾರ. ಒಟ್ಟಿಗೆ ಎಂಟು ಹತ್ತು ದಿನ ಎಂದು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಬಾಟಲಿ ಕೊಳ್ಳಿ. 100 ಲೀಟರ್ ನೀರಿಗೆ ದಿನಕ್ಕೆ 13 ಮಿಲಿಲೀಟರ್, ಹತ್ತು ದಿನಕ್ಕೆ 130. ಸುಮಾರು 118 ಮಿಲಿಲೀಟರಿನ ಚಿಕ್ಕ ಬಾಟಲಿ ಅಷ್ಟಕ್ಕೆ ಸಾಲುವುದಿಲ್ಲ. ನಡುವೆ ಮದ್ದು ಮುಗಿದು ಎರಡು ದಿನ ಖಾಲಿ ಬಿಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋದಂತೆ. 60 ಲೀಟರಿಗಿಂತ ದೊಡ್ಡ ಟ್ಯಾಂಕ್ ಇದ್ದವರು ದೊಡ್ಡ ಬಾಟಲಿಯನ್ನೇ ತೆಗೆದುಕೊಳ್ಳಬೇಕು.

ಬಿಸಿ ಹೆಚ್ಚಿಸುವ ವಿಷಯದಲ್ಲಿ ಗೊಂದಲ ಬಹಳ. ಬಿಸಿಯಿಂದ ಚಕ್ರ ಚುರುಕಾಗುತ್ತದೆ, ಈಜುವ ಮರಿಗಳು ಬೇಗ ಹೊರಬಂದು ಮದ್ದಿಗೆ ಬೇಗ ಸಿಗುತ್ತವೆ. ಇದು ಸರಿ. ಆದರೆ ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿದಿಡುತ್ತದೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ, 30ರಲ್ಲಿ 7.5. ಫಾರ್ಮಲಿನ್, ಅಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್, ಕೂಡ ನೀರಿನ ಆಮ್ಲಜನಕ ತಿನ್ನುತ್ತದೆ. ಲೀಟರಿಗೆ 5 ಮಿಲಿಗ್ರಾಂ ಫಾರ್ಮಲಿನ್ ಸೇರಿದರೆ 1 ಮಿಲಿಗ್ರಾಂ ಆಮ್ಲಜನಕ ಹೋಗುತ್ತದೆ ಎಂಬುದು ಮೀನು ಚಿಕಿತ್ಸೆಯಲ್ಲಿ ಹೇಳುವ ಲೆಕ್ಕ. ರೋಗದಿಂದ ಕಿವಿರು ಮೊದಲೇ ಕೆಟ್ಟಿರುತ್ತದೆ. ಮೂರೂ ಒಟ್ಟಾದಾಗ ಮೀನು ಉಸಿರುಕಟ್ಟಿ ಸಾಯುತ್ತದೆ, ದೂಷಣೆ ಮಾತ್ರ ಮದ್ದಿನ ಮೇಲೆ ಬರುತ್ತದೆ. ಇಚ್-ಎಕ್ಸ್ ಹಾಕುವಾಗ ಉಷ್ಣವಲಯದ ಮೀನುಗಳಿಗೆ 27ರಿಂದ 28 ಡಿಗ್ರಿ ಸಾಕು, ಅದನ್ನೂ ಒಂದು ದಿನದುದ್ದಕ್ಕೆ ನಿಧಾನವಾಗಿ ಏರಿಸಿ. 30 ದಾಟಿಸುವ ಬಿಸಿ ಚಿಕಿತ್ಸೆ ಮದ್ದಿಲ್ಲದೆ ಮಾಡುವ ಬೇರೆಯೇ ವಿಧಾನ. ಎರಡನ್ನೂ ಕೂಡಿಸಬೇಡಿ. ಗೋಲ್ಡ್‌ಫಿಶ್ ಇದ್ದರೆ ಬಿಸಿ ಏರಿಸುವ ಗೋಜಿಗೇ ಹೋಗದೆ ಮದ್ದಿನ ದಿನಗಳನ್ನು ಹೆಚ್ಚಿಸುವುದು ಲೇಸು.

ಮದ್ದು ಹಾಕಿದ ಮೊದಲ ಒಂದೆರಡು ಗಂಟೆ ಟ್ಯಾಂಕಿನ ಮುಂದೆಯೇ ಇರಿ. ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ, ವಾಲಿ ಈಜುತ್ತಿದ್ದರೆ, ಅತ್ತಿತ್ತ ಗಾಬರಿಯಿಂದ ಓಡಿದರೆ ಕೂಡಲೇ ಅರ್ಧ ನೀರು ಬದಲಿಸಿ, ಫಿಲ್ಟರಿಗೆ ಹೊಸ ಕಾರ್ಬನ್ ಹಾಕಿ.

ಕ್ಲೌನ್ ಲೋಚ್, ಕೋರಿಡೋರಸ್, ಇತರ ಬೆಕ್ಕುಮೀನುಗಳು, ನಿಯಾನ್‌ನಂಥ ಸಣ್ಣ ಟೆಟ್ರಾಗಳು ಮ್ಯಾಲಕೈಟ್ ಗ್ರೀನನ್ನು ತಾಳಿಕೊಳ್ಳುವುದು ಕಡಿಮೆ. ಅದರಲ್ಲೂ ಕ್ಲೌನ್ ಲೋಚ್ ದೊಡ್ಡ ಸಂಕಟ. ಟ್ಯಾಂಕಿನಲ್ಲಿ ಬಿಳಿಚುಕ್ಕೆ ಮೊದಲು ಹಿಡಿಯುವುದು ಅದಕ್ಕೇ, ಮದ್ದು ತಾಳದಿರುವುದೂ ಅದೇ. ಇಂಥ ಮೀನುಗಳಿದ್ದರೆ ಮೊದಲ ದಿನ ಅರ್ಧ ಡೋಸ್ ಹಾಕಿ 24 ಗಂಟೆ ಗಮನಿಸಿ, ತೊಂದರೆ ಕಾಣದಿದ್ದರೆ ಪೂರ್ತಿಗೆ ಏರಿಸಿ. ಅರ್ಧದಲ್ಲೇ ನಿಲ್ಲಬೇಕಾಗಿ ಬಂದರೆ ಮದ್ದಿನ ದಿನಗಳು ಹೆಚ್ಚುತ್ತವೆ. ಸಿಗಡಿ ಇದ್ದರೆ ಅವನ್ನು ಬೇರೆ ಪಾತ್ರೆಗೆ ಸಾಗಿಸುವುದು ನಮ್ಮ ಸಲಹೆ. ಸಿಗಡಿಗೆ ಈ ರೋಗ ಬರುವುದಿಲ್ಲ, ಆದರೆ ಅವುಗಳ ಜೊತೆ ಬಂದ ನೀರಿನಲ್ಲಿ, ಗಿಡದಲ್ಲಿ ಗೂಡುಗಳಿರಬಹುದು. ಆ ಪಾತ್ರೆಯನ್ನು 25 ಡಿಗ್ರಿಗಿಂತ ಮೇಲಿಟ್ಟು, ಮೀನೇ ಇಲ್ಲದೆ ಒಂದು ವಾರಕ್ಕೂ ಹೆಚ್ಚು ಬಿಟ್ಟರೆ ಮರಿಗಳು ಹೊರಬಂದು ಆಶ್ರಯವಿಲ್ಲದೆ ಸಾಯುತ್ತವೆ.

ರೋಗ ಕಂಡ ಮೀನನ್ನು ಮಾತ್ರ ಎತ್ತಿ ಬೇರೆ ಟ್ಯಾಂಕಿನಲ್ಲಿ ಚಿಕಿತ್ಸೆ ಕೊಡುವುದು ಬುದ್ಧಿವಂತಿಕೆಯಂತೆ ಕಂಡರೂ ಪ್ರಯೋಜನವಿಲ್ಲ. ಒಂದು ಮೀನಿನ ಮೇಲೆ ಚುಕ್ಕೆ ಕಂಡಿತೆಂದರೆ ತಳದಲ್ಲಿ ಗೂಡುಗಳು, ನೀರಿನಲ್ಲಿ ಮರಿಗಳು ಆಗಲೇ ಇರುತ್ತವೆ. ಇಡೀ ಟ್ಯಾಂಕಿಗೇ ಮದ್ದು ಬೇಕು.

ಮೀನಿನ ತ್ಯಾಜ್ಯದ ಅಮೋನಿಯಾವನ್ನು ಇಲ್ಲವಾಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನು ಈ ಮದ್ದು ಹೇಳಿದ ಡೋಸಿನಲ್ಲಿ ಹೆಚ್ಚು ಕೆಡಿಸುವುದಿಲ್ಲ. ಆದರೂ ಅಮೋನಿಯಾವನ್ನು ದಿನ ಬಿಟ್ಟು ದಿನ ಪರೀಕ್ಷಿಸಿ, ಊಟವನ್ನು ಅರ್ಧಕ್ಕೆ ಇಳಿಸಿ. ತಳದಲ್ಲಿ ಕೊಳೆ ಹೆಚ್ಚಿದ್ದರೆ ಮದ್ದು ಮೀನಿಗಿಂತ ಮೊದಲು ಅದರಲ್ಲೇ ಸೇರಿಹೋಗುತ್ತದೆ. ಗಿಡಗಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಟ್ಯಾಂಕಿನ ಮೂಲೆಯ ಸಿಲಿಕೋನ್, ಪ್ಲಾಸ್ಟಿಕ್ ಕೊಳವೆ ಮಾತ್ರ ನೀಲಿ-ಹಸಿರಾಗುತ್ತವೆ, ಪೂರ್ತಿ ಹೋಗುವುದಿಲ್ಲ.

ಇದರ ಜೊತೆ ತೂಗಬೇಕಾದ ಇನ್ನೊಂದು ಮದ್ದು ಸೀಕೆಮ್‌ನ ಪ್ಯಾರಾಗಾರ್ಡ್. ಅದರಲ್ಲೂ ಮ್ಯಾಲಕೈಟ್ ಗ್ರೀನ್ ಇದೆ, ಆದರೆ ಫಾರ್ಮಾಲ್ಡಿಹೈಡ್ ಬದಲು ಬೇರೆ ಆಲ್ಡಿಹೈಡ್‌ಗಳಿವೆ. 40 ಲೀಟರಿಗೆ 5 ಮಿಲಿಲೀಟರ್, ದಿನಕ್ಕೊಮ್ಮೆ. ವಾಸನೆ ಕಡಿಮೆ, ಮುಟ್ಟುವವರಿಗೆ ಸ್ವಲ್ಪ ಹಿತ. ಚುಕ್ಕೆ ಬೆರಳೆಣಿಕೆಯಷ್ಟಿದ್ದಾಗ ಅಥವಾ ಹೊಸ ಮೀನುಗಳನ್ನು ಪ್ರತ್ಯೇಕ ಟ್ಯಾಂಕಿನಲ್ಲಿಟ್ಟು ಗಮನಿಸುವಾಗ ಅದು ಒಳ್ಳೆಯದೇ. ಮೈತುಂಬ ಚುಕ್ಕೆ ಎದ್ದ ಮೇಲೆ ನಾವು ಇಚ್-ಎಕ್ಸನ್ನೇ ಆರಿಸುತ್ತೇವೆ. ಎಪಿಐನ ಸೂಪರ್ ಇಕ್ ಕ್ಯೂರ್‌ನ ದ್ರಾವಣ 19 ಲೀಟರಿಗೆ 5 ಮಿಲಿಲೀಟರ್, 48 ಗಂಟೆ ಬಿಟ್ಟು ಇನ್ನೊಂದು ಡೋಸ್. ಬೆಚ್ಚಗಿನ ನೀರಿನಲ್ಲಿ, ಬೇಗ ಪತ್ತೆಯಾದ ರೋಗಕ್ಕೆ ಆ ನಾಲ್ಕು ದಿನ ಸಾಕಾಗಬಹುದು. 22 ಡಿಗ್ರಿಯ ಟ್ಯಾಂಕಿನಲ್ಲಿ ಆ ನಾಲ್ಕು ದಿನದಲ್ಲಿ ಒಂದು ಸುತ್ತೂ ಮುಗಿದಿರುವುದಿಲ್ಲ. ಮಿಥಿಲೀನ್ ಬ್ಲೂ ಮೊಟ್ಟೆಗಳಿಗೆ ಬೂಸ್ಟು ಹಿಡಿಯದಂತೆ ಹಾಕಲು ಒಳ್ಳೆಯದು, ಬಿಳಿಚುಕ್ಕೆಗೆ ಅದನ್ನು ನೆಚ್ಚಬೇಡಿ. ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಅದು ಒಳ್ಳೆಯದಲ್ಲ. ತಾಮ್ರದ ಮದ್ದುಗಳು ಕೆಲಸ ಮಾಡುತ್ತವೆ, ಆದರೆ ತಾಮ್ರದ ಟೆಸ್ಟ್ ಕಿಟ್ ಇಲ್ಲದೆ ಹಾಕುವಂತಿಲ್ಲ. ಮೃದು ನೀರಿನಲ್ಲಿ ವಿಷ ಏರುತ್ತದೆ, ಸಿಗಡಿ, ಬಸವನಹುಳು ಉಳಿಯುವುದಿಲ್ಲ.

ಉಪ್ಪನ್ನು ಹಳೆಯ ಕಾಲದ ಮದ್ದೆಂದು ತಳ್ಳಿಹಾಕುವವರಿದ್ದಾರೆ. ಅದು ಅನ್ಯಾಯ. ಲೀಟರಿಗೆ 2ರಿಂದ 3 ಗ್ರಾಂ ಸಾದಾ ಉಪ್ಪು, ಒಂದೆರಡು ದಿನದಲ್ಲಿ ಕಂತುಗಳಾಗಿ ಕರಗಿಸಿ ಹಾಕಿ ಎರಡು ವಾರ ಕಾಯ್ದರೆ ಗೋಲ್ಡ್‌ಫಿಶ್, ಗಪ್ಪಿ, ಮಾಲಿಗಳಲ್ಲಿ ಆರಂಭದ ರೋಗ ಹತೋಟಿಗೆ ಬರುತ್ತದೆ. ನೀರು ಆವಿಯಾದಾಗ ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ, ಹಾಗಾಗಿ ಆವಿಯಾದಷ್ಟು ತುಂಬಿಸುವಾಗ ಬರೀ ನೀರು ಹಾಕಿ, ಬದಲಿಸಿದ ನೀರಿಗೆ ಮಾತ್ರ ಉಪ್ಪು ಸೇರಿಸಿ. ಗಿಡ ತುಂಬಿದ ಟ್ಯಾಂಕಿಗೆ, ಲೋಚ್, ಕೋರಿಡೋರಸ್ ಇರುವಲ್ಲಿಗೆ ಇದು ಬೇಡ. ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಇದರ ಬದಲಿಯಲ್ಲ.

ಕೈಗವಸು ಇಲ್ಲದೆ ಈ ಬಾಟಲಿ ಮುಟ್ಟಬೇಡಿ, ಕಿಟಕಿ ತೆರೆದಿರಲಿ, ಮಕ್ಕಳ ಕೈಗೆ ಸಿಗದಿರಲಿ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುವ ವಸ್ತು. ಮ್ಯಾಲಕೈಟ್ ಗ್ರೀನ್ ಮೀನಿನ ಮಾಂಸದಲ್ಲಿ ದೀರ್ಘಕಾಲ ಉಳಿಯುವುದರಿಂದ ತಿನ್ನುವ ಮೀನಿಗೆ ಅದನ್ನು ಅನೇಕ ದೇಶಗಳು ನಿಷೇಧಿಸಿವೆ. ಅಲಂಕಾರದ ಮೀನಿಗೆ ಮಾತ್ರ ಇದು. ಬಾಟಲಿಯನ್ನು ಬೆಳಕು ಬೀಳದ ಕಪಾಟಿನಲ್ಲಿ, ಕೋಣೆಯ ಉಷ್ಣತೆಯಲ್ಲಿಡಿ, ಫ್ರಿಡ್ಜ್‌ನಲ್ಲಿ ಅಲ್ಲ. ಫಾರ್ಮಾಲ್ಡಿಹೈಡ್ ದ್ರಾವಣ ತೀರ ತಣ್ಣಗಾದರೆ ಬಿಳಿ ಗಸಿ ಕಟ್ಟಬಹುದು, ಆ ಗಸಿ ಮೀನಿಗೆ ಕಡುವಿಷ. ತಳದಲ್ಲಿ ಬಿಳಿ ಗಸಿ ಕಂಡ ಬಾಟಲಿಯನ್ನು ಎಷ್ಟೇ ಹೊಸದಾಗಿರಲಿ ಬಳಸಬೇಡಿ.

ಚಿಕಿತ್ಸೆ ಮುಗಿದ ದಿನ ಅರ್ಧ ನೀರು ಬದಲಿಸಿ, ಹೊಸ ಕಾರ್ಬನ್ ಹಾಕಿ ಎರಡು ಮೂರು ದಿನ ಬಿಡಿ, ಆಮೇಲೆ ಸಿಗಡಿಗಳನ್ನು ಮರಳಿಸಬಹುದು. ಆ ಟ್ಯಾಂಕಿನಲ್ಲಿ ಬಳಸಿದ ಬಲೆ, ಸೈಫನ್, ಬಕೆಟ್ಟನ್ನು ಬೇರೆ ಟ್ಯಾಂಕಿಗೆ ಒಯ್ಯುವ ಮೊದಲು ಪೂರ್ತಿ ಒಣಗಿಸಿ. ಒಣಗಿದರೆ ಈ ಜೀವಿ ಯಾವ ಹಂತದಲ್ಲೂ ಬದುಕುವುದಿಲ್ಲ. ಮುಂದೆ ತರುವ ಮೀನುಗಳನ್ನು ಎರಡರಿಂದ ನಾಲ್ಕು ವಾರ ಪ್ರತ್ಯೇಕ ಟ್ಯಾಂಕಿನಲ್ಲಿಟ್ಟು, 26 ಡಿಗ್ರಿಯಲ್ಲಿ ಗಮನಿಸಿ. ಚಿಕ್ಕ ಬಾಟಲಿ ಸಾಕಾಗುವುದು ಅಲ್ಲಿ: 20 ಲೀಟರಿನ ಬರಿತಳದ ಟ್ಯಾಂಕಿಗೆ ದಿನಕ್ಕೆ 2.6 ಮಿಲಿಲೀಟರ್.